ಪೀಣ್ಯದ ಸಾಲು ಕೆಂಪಾಗಿದ್ದ ಒಂಬತ್ತು ದಿನಗಳು

ಮಾಕಳಿಯ ಆವಲಪ್ಪನನ್ನು ಜಗತ್ತಿನಲ್ಲಿ ಸಾವಿರದ ಎಂಟುನೂರು ಜನ ಬಲ್ಲರು. ಮಾಕಳಿಯಲ್ಲಿ ಬಲ್ಲವರು ಅದಕ್ಕಿಂತ ಕಡಿಮೆ. ಅವರೂ ಅವನನ್ನು ಚಿಕ್ಕಮುನಿಯಮ್ಮನ ಹಿರಿಮಗ, ನಲವತ್ತೆರಡಾದರೂ ಮದುವೆಯಾಗದವನು, ಪೀಣ್ಯದಲ್ಲಿ ಏನೋ ಲೈಬ್ರರಿ ನೋಡಿಕೊಳ್ಳುವವನು ಎಂದಷ್ಟೇ ಬಲ್ಲರು. ಅವನ ಸೋದರಮಾವ ಒಮ್ಮೆ, ಹಾಗಾದರೆ ಹಳೆಯ ವಾರಪತ್ರಿಕೆಗಳನ್ನು ಮನೆಗೆ ತರಬಹುದಲ್ಲ ಎಂದು ಕೇಳಿ, ಇಲ್ಲವೆಂದಾಗ, ಓದಿದವರಿಗೆ ಎಷ್ಟು ಜಂಬ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು.

ಅವನು ನೋಡಿಕೊಳ್ಳುತ್ತಿದ್ದ ಲೈಬ್ರರಿಯಲ್ಲಿ ಪುಸ್ತಕಗಳಿರಲಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿದ್ದ ಅವನ ಕಂಪನಿ, ಕಾರ್ಖಾನೆಯ ಒಂದು ಯಂತ್ರ ಇನ್ನೊಂದು ಯಂತ್ರದ ಜೊತೆ ಮಾತಾಡಲು ಬೇಕಾದ ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು. ಪೆಟ್ಟಿಗೆ ಕಂಪನಿಯದು, ಮಾತಾಡಿಸುವ ವಿದ್ಯೆ ಮಾತ್ರ ಕಂಪನಿಯದಲ್ಲ. ಅದು ದೇಶದೇಶಗಳ ಎಂಜಿನಿಯರುಗಳು ಸೇರಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ, ಯಾರು ಬೇಕಾದರೂ ತಿದ್ದಿ ಎಂದು ಪುಕ್ಕಟೆಯಾಗಿ ಬಿಟ್ಟಿದ್ದ ಒಂದು ಮಹಾ ಸಾಫ್ಟ್‌ವೇರ್ ಸಂಗ್ರಹ. ಹದಿನೈದು ಲಕ್ಷ ಸಾಲು. ಯಾರು ಬೇಕಾದರೂ ತಿದ್ದಿ ಎಂದ ಮೇಲೆ ಜನ ಬಿಡುತ್ತಾರೆಯೇ? ದಿನಾ ಯಾರಾದರೊಬ್ಬರು ತಿದ್ದುತ್ತಿದ್ದರು. ತಿದ್ದಿದವರ ಕಂಪ್ಯೂಟರಿನಲ್ಲಿ ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಉಳಿದವರ ಗತಿ?

ಆ ಗತಿಯನ್ನು ನೋಡಲೆಂದೇ ಐವತ್ತು ಊರುಗಳಲ್ಲಿ ಐವತ್ತು ಬಗೆಯ ಯಂತ್ರಗಳನ್ನು ಇಟ್ಟಿದ್ದರು. ಒಂದೊಂದೂ ದಿನಕ್ಕೊಮ್ಮೆ ಇಡೀ ಲೈಬ್ರರಿಯನ್ನು ಬುಡದಿಂದ ಹೊಸದಾಗಿ ಕಟ್ಟಿ, ನಾನೂರು ಪರೀಕ್ಷೆಗಳನ್ನು ಓಡಿಸಿ, ಫಲಿತಾಂಶವನ್ನು ಅಂತರ್ಜಾಲದ ಒಂದು ಪಟ್ಟಿಗೆ ಕಳುಹಿಸುತ್ತಿತ್ತು. ಪಟ್ಟಿಯಲ್ಲಿ ಯಂತ್ರಕ್ಕೊಂದು ಸಾಲು. ಪಾಸಾದರೆ ಹಸಿರು, ಫೇಲಾದರೆ ಕೆಂಪು. ನಲವತ್ತೊಂದನೆಯ ಸಾಲಿನ ಹೆಸರು 'ಪೀಣ್ಯ'. ಅದರ ಸೇನಾಧಿಪತಿ, ಪುರೋಹಿತ, ಮಾವುತ, ಎಲ್ಲವೂ ನಮ್ಮ ಆವಲಪ್ಪ.

ಮಾವುತ ಎಂದದ್ದು ಸುಮ್ಮನೆ ಅಲ್ಲ. ಆ ಯಂತ್ರ ಗೋದ್ರೆಜ್ ಬೀರುವಿನಷ್ಟು ಎತ್ತರವಿತ್ತು. ಯಾವುದೋ ಕಾಲದ ದೊಡ್ಡ ಸರ್ವರ್. ಕಂಪನಿಯ ಒಬ್ಬ ಹಳೆಯ ಗಿರಾಕಿ ಇನ್ನೂ ಅದನ್ನೇ ಬಳಸುತ್ತಿದ್ದನೆಂಬ ಒಂದೇ ಕಾರಣಕ್ಕೆ ಉಳಿದುಕೊಂಡಿತ್ತು. ಶುರುಮಾಡಿದರೆ ಇಡೀ ಕೋಣೆ ಗುಂಯ್ ಎನ್ನುತ್ತಿತ್ತು. ಆವಲಪ್ಪ ಅದನ್ನು 'ಗೌಡ್ರು' ಎಂದು ಕರೆಯುತ್ತಿದ್ದ. ಬೆಳಿಗ್ಗೆ ಆರಕ್ಕೆ ತಾವಾಗಿಯೇ ಕೆಲಸ ಶುರುಮಾಡಿ ಸಂಜೆ ಐದೂವರೆಯ ಹೊತ್ತಿಗೆ ಫಲಿತಾಂಶ ಹೇಳುವುದು ಗೌಡರ ಪದ್ಧತಿ. ಬೇರೆ ಯಂತ್ರಗಳು ಇದನ್ನು ಎರಡು ಗಂಟೆಯಲ್ಲಿ ಮುಗಿಸುತ್ತಿದ್ದವು. ಗೌಡರಿಗೆ ಅವಸರ ಎಂಬುದೇ ಇರಲಿಲ್ಲ.

ಗೌಡರಿಗೆ ಇನ್ನೊಂದು ವೈಶಿಷ್ಟ್ಯವಿತ್ತು. ನಮ್ಮ ನಿಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳು ಒಂದು ದೊಡ್ಡ ಸಂಖ್ಯೆಯನ್ನು ಒಳಗೆ ಬರೆದಿಟ್ಟುಕೊಳ್ಳುವಾಗ ಬಾಲದಿಂದ ಶುರುಮಾಡುತ್ತವೆ. ಗೌಡರು ತಲೆಯಿಂದ ಶುರುಮಾಡುತ್ತಿದ್ದರು. ಇದರಿಂದಾಗಿ ಬೇರೆ ನಲವತ್ತೊಂಬತ್ತು ಕಡೆ ಹಸಿರಾದದ್ದು ಪೀಣ್ಯದಲ್ಲಿ ಮಾತ್ರ ಕೆಂಪಾಗುವುದಿತ್ತು. ಆಗ ಬರ್ಲಿನ್ನಿನಲ್ಲೋ ಬಾಸ್ಟನ್ನಿನಲ್ಲೋ ಕುಳಿತ ಮಹಾಪಂಡಿತನೊಬ್ಬ ತಲೆ ತಗ್ಗಿಸಿ, ಗೌರವಾನ್ವಿತ ಪೀಣ್ಯದವರೇ, ದಯವಿಟ್ಟು ನನ್ನ ತಪ್ಪೇನೆಂದು ತಿಳಿಸುವಿರಾ ಎಂದು ಪತ್ರ ಬರೆಯುತ್ತಿದ್ದ. ಎಂಟನೇ ಮೈಲಿಯಲ್ಲಿ ಬಸ್ಸಿಗೆ ನೇತಾಡಿಕೊಂಡು ಬಂದು ಇಂಥ ಪತ್ರ ಓದುವ ಸುಖವನ್ನು ಆವಲಪ್ಪನೇ ಬಲ್ಲ.

ಆ ಲೋಕಕ್ಕೆ ಅದರದೇ ಕಟ್ಟಳೆಗಳಿದ್ದವು. ಯಾರೂ ಯಾರಿಗೂ ಖಾಸಗಿಯಾಗಿ ಬರೆಯುವಂತಿಲ್ಲ. ಬರೆದದ್ದು ಲಿಸ್ಟ್‌ಗೇ ಹೋಗಬೇಕು. ಲಿಸ್ಟ್ ಎಂದರೆ ಒಂದು ಇ-ಮೇಲ್ ಹಾಕಿದರೆ ಸಾವಿರದ ಎಂಟುನೂರು ಜನಕ್ಕೂ ತಲುಪುವ ವ್ಯವಸ್ಥೆ; ಒಬ್ಬನ ಪ್ರಶ್ನೆಯಿಂದ ಎಲ್ಲರೂ ಕಲಿಯಲಿ ಎಂಬ ಉದಾತ್ತ ಆಶಯ. ಒಬ್ಬರು ಮಾಡಿದ ಬದಲಾವಣೆಯಿಂದ ಯಾವುದೇ ಸಾಲು ಹತ್ತು ದಿನ ಕೆಂಪಾಗಿ ಉಳಿದರೆ, ಮಾಡಿದವರೇ ಅದನ್ನು ಕಿತ್ತುಹಾಕಬೇಕು. ಯಾರಾದರೂ ಕೇಳುವವರೆಗೆ ಕಾಯಬಾರದು, ಅದು ಮರ್ಯಾದೆ. ಇನ್ನೊಂದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ನಡೆಯುತ್ತಿತ್ತು. ಸಾಲು ಕೆಂಪಾದರೆ ಪತ್ರ ಬರುತ್ತದೆ. ಹಸಿರಾಗಿದ್ದರೆ ಯಾರೂ ಬರೆಯುವುದಿಲ್ಲ.

ಎರಡು ಸಾವಿರದ ಎಂಟರಲ್ಲಿ ಒಂದು ದಿನ ವೇಣಿ ಎಂಬ ಸಹಿಯಿದ್ದ ಪತ್ರವೊಂದು ಬಂತು. 'ನನ್ನ ಬದಲಾವಣೆ ಪೀಣ್ಯದಲ್ಲಿ ಮಾತ್ರ ಕೆಂಪಾಗಿದೆ. ನನ್ನ ಬಳಿ ಅಂಥ ಯಂತ್ರವಿಲ್ಲ. ಸಹಾಯ ಮಾಡುವಿರಾ?' ಮಿಂಚಂಚೆಯ ವಿಳಾಸ ಯಾವುದೋ ಅಮೆರಿಕದ ಕಂಪನಿಯದು. ವೇಣಿ ಎಂಬುದು ಫಿನ್ಲೆಂಡಿನ ಗಂಡಸರ ಹೆಸರಿರಬಹುದೆಂದು ಆವಲಪ್ಪ ಬಗೆದ. ಇಂಗ್ಲಿಷಿನಲ್ಲಿ 'ಡಿಯರ್ ಸರ್' ಎಂದು ಶುರುಮಾಡಿ, ಗೌಡರು ತಲೆಯಿಂದ ಬರೆಯುವ ಸಂಗತಿಯನ್ನು ಒಂದೂವರೆ ಪುಟ ವಿವರಿಸಿದ. ಮೂರು ದಿನದಲ್ಲಿ ಸಾಲು ಹಸಿರಾಯಿತು. ಮುಂದಿನ ತಿಂಗಳು ಮತ್ತೆ ಕೆಂಪು, ಮತ್ತೆ ಪತ್ರ. ವೇಣಿಯ ಪತ್ರಗಳಲ್ಲಿ ಒಂದು ಅಂದವಿತ್ತು. ಉಳಿದವರು 'ನಿಮ್ಮ ಯಂತ್ರದಲ್ಲಿ ದೋಷವಿದೆಯೇ?' ಎಂದು ಶುರುಮಾಡುತ್ತಿದ್ದರು. ವೇಣಿ 'ನನಗೆ ತಿಳಿಯದ್ದು ಏನೋ ಇದೆ' ಎಂದು ಶುರುಮಾಡುತ್ತಿದ್ದಳು.

ಮುಂದಿನ ವರ್ಷ ಲಿಸ್ಟ್‌ಗೆ ಅವಳಿಂದ ಒಂದು ಕ್ಷಮಾಪಣೆ ಬಂತು: ಎರಡು ದಿನ ಉತ್ತರಿಸಲಾಗಲಿಲ್ಲ, ನಮ್ಮ ಕಚೇರಿಯ ಮುಂದೆ ಫ್ಲೈಓವರ್ ಕಟ್ಟುವವರು ಕೇಬಲ್ ಕತ್ತರಿಸಿದರು. ಅದೇ ವಾರ ತುಮಕೂರು ರಸ್ತೆಯಲ್ಲೂ ಫ್ಲೈಓವರ್ ಕಟ್ಟುವವರು ಆವಲಪ್ಪನ ಕಂಪನಿಯ ಕೇಬಲ್ಲನ್ನು ಕತ್ತರಿಸಿದ್ದರು. ಅವನು ಕುರ್ಚಿಯಲ್ಲಿ ನೆಟ್ಟಗೆ ಕುಳಿತ. ಫಿನ್ಲೆಂಡಿನಲ್ಲಿ ಯಾರು ಹೀಗೆ ಅಗೆಯುತ್ತಾರೆ? 'ಯಾವ ಫ್ಲೈಓವರ್?' ಎಂದು ಬರೆದ. ಉತ್ತರ ಬಂತು: 'ಹೊಸೂರು ರಸ್ತೆ, ಸಿಂಗಸಂದ್ರದ ಹತ್ತಿರ. ನೀವು ಎಲ್ಲಿಯವರೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಯಂತ್ರಕ್ಕೆ ಪೀಣ್ಯ ಎಂದು ಬೇರೆ ಯಾರು ಹೆಸರಿಡುತ್ತಾರೆ?' ಲೋಕದ ಸಾವಿರದ ಎಂಟುನೂರು ಜನ ಇದನ್ನು ಓದಿದರು. ಯಾರಿಗೂ ಏನೂ ಅರ್ಥವಾಗಲಿಲ್ಲ.

ಅಂದಿನಿಂದ ಅವಳ ಪತ್ರಗಳ ಕೆಳಗೆ ಒಂದೊಂದು ಸಾಲು ಜಾಸ್ತಿ ಬರತೊಡಗಿತು. 'ಇವತ್ತು ಧೂಳು ಹೆಚ್ಚು.' 'ಇಲ್ಲಿ ಆಲಿಕಲ್ಲು ಮಳೆ.' ಒಮ್ಮೆ, 'ಆಚರಿಸುವವರಿಗೆ ಯುಗಾದಿಯ ಶುಭಾಶಯ.' ಸಾವಿರದ ಎಂಟುನೂರು ಜನರಲ್ಲಿ ಯುಗಾದಿ ಆಚರಿಸುವವನು ತಾನೊಬ್ಬನೇ ಎಂದು ಆವಲಪ್ಪ ಆ ಸಾಲನ್ನು ಇಡೀ ದಿನ ಚಪ್ಪರಿಸಿದ. ಆಮೇಲೆ ಲಿಸ್ಟ್‌ನಲ್ಲಿ ಆಂಧ್ರದವರೂ ಇರಬಹುದಲ್ಲ ಎಂಬ ಅನುಮಾನ ಹುಟ್ಟಿ ಒಂದು ವಾರ ಊಟ ಸೇರಲಿಲ್ಲ.

ಇದು ಪ್ರೇಮ ಎಂದು ಯಾರಾದರೂ ಹೇಳಿದ್ದರೆ ಅವನು ಅದಕ್ಕೆ ಲಾಗ್ ಫೈಲ್, ಅಂದರೆ ಯಂತ್ರ ಬರೆದಿಟ್ಟ ದಾಖಲೆ, ಕೇಳುತ್ತಿದ್ದ. ಅವಳ ಮುಖ ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ, ಮದುವೆಯಾಗಿದೆಯೋ ಗೊತ್ತಿಲ್ಲ. ಆದರೂ ಒಂದು ಭಾನುವಾರ, ಗೌಡರಿಗೆ ಫ್ಯಾನು ತರಬೇಕೆಂದು ತಾಯಿಗೆ ಹೇಳಿ, ಇಸ್ತ್ರಿ ಶರ್ಟು ಹಾಕಿ, ದಂಡಯಾತ್ರೆಗೆ ಹೊರಟ. ಎಂಟನೇ ಮೈಲಿಯಿಂದ ಮೆಜೆಸ್ಟಿಕ್, ಅಲ್ಲಿಂದ ಇನ್ನೊಂದು ಬಸ್ಸು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು, ಮೂರು ಗಂಟೆಯ ಮೇಲೆ ಸಿಂಗಸಂದ್ರ. ಅರ್ಧ ಕಟ್ಟಿದ ಫ್ಲೈಓವರಿನ ಕಂಬದ ನೆರಳಿನಲ್ಲಿ ನಿಂತು ಟೀ ಕುಡಿದ. ಹಾದುಹೋದ ಹೆಂಗಸರನ್ನೆಲ್ಲ ನೋಡಿದ. ಅಂದರೆ ಸಭ್ಯತೆಯಿಂದ, ಟೀ ಲೋಟದ ಅಂಚಿನ ಮೇಲಿಂದ. ಇವರಲ್ಲಿ ಯಾರಾದರೂ ಇರಬಹುದು. ಇವತ್ತು ಭಾನುವಾರ, ಯಾರೂ ಅಲ್ಲದೆಯೂ ಇರಬಹುದು. ಧೂಳು ನಿಜವಾಗಿಯೂ ಹೆಚ್ಚಾಗಿತ್ತು. ಅವಳು ಬರೆದದ್ದು ಸುಳ್ಳಲ್ಲ ಎಂಬ ಸಾಕ್ಷ್ಯ ಸಿಕ್ಕಂತಾಗಿ, ಇನ್ನೊಂದು ಟೀ ಕುಡಿದು ವಾಪಸು ಬಂದ. ಫ್ಯಾನು ಎಲ್ಲಿ ಎಂದು ತಾಯಿ ಕೇಳಿದಾಗ, ಅಂಗಡಿ ಮುಚ್ಚಿತ್ತು ಎಂದ.

ಹೀಗೆ ಮೂರು ವರ್ಷ. ಆಮೇಲೆ ಅನಾಹುತವಾಯಿತು: ವೇಣಿ ಕಲಿತುಬಿಟ್ಟಳು. ಗೌಡರ ಮರ್ಜಿ ಅವಳಿಗೆ ಎಷ್ಟು ಕರತಲಾಮಲಕವಾಯಿತೆಂದರೆ, ಅವಳು ಬರೆದದ್ದು ಪೀಣ್ಯದಲ್ಲಿ ಒಂದೇ ಏಟಿಗೆ ಪಾಸಾಗತೊಡಗಿತು. ಕಲಿಸಿದ ಗುರುವೇ ಪತ್ರಗಳ ಬುಡಕ್ಕೆ ಕೊಡಲಿ ಹಾಕಿಕೊಂಡಿದ್ದ. ಎರಡು ಸಾವಿರದ ಹನ್ನೊಂದರ ಮೊದಲ ನಾಲ್ಕು ತಿಂಗಳು ಪೀಣ್ಯದ ಸಾಲು ಹಸಿರೋ ಹಸಿರು. ಮ್ಯಾನೇಜರ್ ನರೇಶ್ ಬಂದು ಬೆನ್ನು ತಟ್ಟಿದ. ಅವನು ಆವಲಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಬೆನ್ನು ತಟ್ಟುವುದನ್ನು ಯಾವುದೋ ತರಬೇತಿಯಲ್ಲಿ ಕಲಿತಿದ್ದ.

"ಸೂಪರ್ ಆವಲಪ್ಪನವ್ರೇ! ಫೋರ್ ಮಂತ್ಸ್, ಒಂದ್ ರೆಡ್ ಇಲ್ಲ! ಹೆಂಗಿದೆ ಫೀಲಿಂಗು?"

"ಚೆನ್ನಾಗಿದೆ ಸಾರ್," ಎಂದ ಆವಲಪ್ಪ, ಯಾರೋ ಸತ್ತ ಮನೆಯಲ್ಲಿ ಕಾಫಿ ಚೆನ್ನಾಗಿದೆ ಎನ್ನುವವನ ಹಾಗೆ.

ಆ ನಾಲ್ಕು ತಿಂಗಳು ಅವನು ಸಂಜೆ ಐದೂವರೆಗೆ ಪಟ್ಟಿ ತೆರೆದು, ಹಸಿರು ಕಂಡು, ಅಂಚೆ ತೆರೆದು, ಏನೂ ಇಲ್ಲದ್ದು ಕಂಡು, ಬಸ್ಸು ಹಿಡಿಯುತ್ತಿದ್ದ. ಅವಳ ಹಳೆಯ ಪತ್ರಗಳನ್ನು ಓದುತ್ತಿದ್ದ. 'ಸಂದೇಶದ ಉದ್ದ ತಪ್ಪಾಗಿ ಬರುತ್ತಿದೆ, ನಾನು ಎಲ್ಲೋ ಎಡವಿದ್ದೇನೆ' ಎಂಬಂಥ ವಾಕ್ಯಗಳು. ಇವುಗಳಿಂದ ಎದೆ ಭಾರವಾಗುವ ಮನುಷ್ಯ ಭೂಮಿಯ ಮೇಲೆ ಇನ್ನೊಬ್ಬನಿರಲಾರ.

ಈ ನಡುವೆ ವೇಣಿ ಮೌನವಾಗಿ ಒಂದು ದೊಡ್ಡ ಕೆಲಸ ಮಾಡುತ್ತಿದ್ದಳು. ಭಾರಿ ಗಾತ್ರದ ಸಂದೇಶಗಳನ್ನು ತುಂಡು ಮಾಡಿ ಕಳುಹಿಸಿ, ಆ ಕಡೆ ಮತ್ತೆ ಜೋಡಿಸುವ ಹೊಸ ವಿಧಾನ. ಏಳು ತಿಂಗಳ ದುಡಿಮೆ. ಮೇ ತಿಂಗಳಲ್ಲಿ ಅದನ್ನು ಲೈಬ್ರರಿಗೆ ಸೇರಿಸಿದಳು, ಜೊತೆಗೆ ಅದರದೇ ಒಂದು ಪರೀಕ್ಷೆಯನ್ನೂ. ಬೇರೆ ಯಂತ್ರಗಳಲ್ಲಿ ಹತ್ತು ಸೆಕೆಂಡಿಗೆ ಮುಗಿಯುತ್ತಿದ್ದ ಆ ಪರೀಕ್ಷೆಗೆ ಗೌಡರು ಒಂದೂವರೆ ನಿಮಿಷ ತೆಗೆದುಕೊಂಡರು. ಪ್ರತಿ ಪರೀಕ್ಷೆಗೂ ಎರಡು ನಿಮಿಷದ ಗಡುವಿದ್ದುದರಿಂದ ಹಸಿರೇ ಬಂತು. ಪತ್ರ ಬರಲಿಲ್ಲ.

ಅದೇ ವಾರದ ಶುಕ್ರವಾರ ನಾಲ್ಕೂವರೆಗೇ ಕರೆಂಟ್ ತೆಗೆಯುತ್ತಾರೆಂದು ಸುದ್ದಿ ಬಂತು. ಜನರೇಟರ್ ನೋಡಿಕೊಳ್ಳುವ ಕೊಟ್ರಪ್ಪ, ಕೊಪ್ಪಳದ ಕಡೆಯವನು, ಡೀಸೆಲ್ ಇಲ್ಲವೆಂದು ಕೈ ಅಲ್ಲಾಡಿಸಿದ. ಗೌಡರನ್ನು ಬೇಗ ಮುಗಿಸಲು ಆವಲಪ್ಪ ಒಂದು ಉಪಾಯ ಮಾಡಿದ: ಎಲ್ಲ ಪರೀಕ್ಷೆಗಳ ಗಡುವನ್ನು ಎರಡು ನಿಮಿಷದಿಂದ ಒಂದು ನಿಮಿಷಕ್ಕೆ ಇಳಿಸಿದ. ಯಾವುದಾದರೂ ಸಿಕ್ಕಿಹಾಕಿಕೊಂಡರೆ ಬೇಗ ಕಳಚಿಕೊಳ್ಳುತ್ತದೆ, ಸಮಯ ಉಳಿಯುತ್ತದೆ. ಸೋಮವಾರ ಮತ್ತೆ ಎರಡಕ್ಕೆ ಏರಿಸಬೇಕೆಂದು ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿದ. ಶರ್ಟು ಒಗೆಯಲು ಹೋಯಿತು.

ಸೋಮವಾರ ಸಂಜೆ ಅಂಚೆ ತೆರೆದರೆ, ವೇಣಿ! 'ನನಗೆ ತಿಳಿಯದ್ದು ಏನೋ ಇದೆ. ಪೀಣ್ಯದಲ್ಲಿ ನನ್ನ ಹೊಸ ಪರೀಕ್ಷೆ ಸಮಯ ಮೀರುತ್ತಿದೆ. ಮೊದಲು ಪಾಸಾದದ್ದು ಅದೃಷ್ಟದಿಂದಿರಬೇಕು.' ಕೆಳಗೆ: 'ಮಾವು ಬಂದಿದೆ. ಈ ವರ್ಷ ಬಾದಾಮಿ ಹುಳಿ.'

ಕಾರಣವೇನೆಂದು ಆವಲಪ್ಪನಿಗೆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಒಂದು ಎಂಬ ಅಂಕಿಯನ್ನು ಅಳಿಸಿ ಎರಡು ಎಂದು ಬರೆದರೆ ಮುಗಿಯಿತು. ಅವನು ಆ ಸಾಲಿನ ಮೇಲೆ ಕರ್ಸರನ್ನು ಇಟ್ಟ. ಕರ್ಸರು ಮಿಣಮಿಣ ಎಂದಿತು. ಎರಡು ಎಂದು ಬರೆದರೆ ನಾಳೆ ಹಸಿರು. ಹಸಿರಾದರೆ ಮತ್ತೆ ನಾಲ್ಕು ತಿಂಗಳೋ, ನಲವತ್ತೋ. ಆವಲಪ್ಪ ಕೀಬೋರ್ಡಿನಿಂದ ಕೈ ತೆಗೆದು, 'ಪರಿಶೀಲಿಸುತ್ತಿದ್ದೇನೆ' ಎಂದು ಉತ್ತರಿಸಿದ. ಒಂದು ದಿನ, ಹೆಚ್ಚೆಂದರೆ ಎರಡು ದಿನ, ಆಮೇಲೆ ಸರಿಮಾಡುತ್ತೇನೆ ಎಂದು ತನಗೆ ತಾನೇ ಆಣೆ ಮಾಡಿಕೊಂಡ.

ಅವು ಅವನ ಬಾಳಿನ ಸುವರ್ಣಯುಗದ ದಿನಗಳು. ದಿನಕ್ಕೆ ಎರಡು ಪತ್ರ. ವೇಣಿ ಒಂದು ಉಪಾಯ ಕಳುಹಿಸುವಳು, ಇವನು ಓಡಿಸಿ ಫಲಿತಾಂಶ ಹೇಳುವನು, ಪ್ರಾಮಾಣಿಕವಾಗಿ, ಒಂದು ಅಂಕಿಯನ್ನು ಬಿಟ್ಟು. ಅವಳು ತುಂಡುಗಳ ಗಾತ್ರ ಬದಲಿಸಿದಳು, ಜೋಡಿಸುವ ಕ್ರಮ ಬದಲಿಸಿದಳು. ತನಗೇ ಗೊತ್ತಿಲ್ಲದೆ, ಒಂದೂವರೆ ನಿಮಿಷವಿದ್ದದ್ದನ್ನು ಎಪ್ಪತ್ತು ಸೆಕೆಂಡಿಗೆ ತಂದಳು. ಗೌಡರಂಥವರನ್ನು ಅಷ್ಟು ಓಡಿಸಿದ್ದು ಸಾಹಸವೇ ಸರಿ. ಗಡುವು ಅರವತ್ತು. ಕೆಂಪು. ಕೆಳಗಿನ ಸಾಲುಗಳೂ ಉದ್ದವಾದವು. ಅವಳಮ್ಮ ಮಾವಿನಕಾಯಿ ಚಿತ್ರಾನ್ನ ಮಾಡಿದ್ದು, ಮನೆಯ ಹಿಂದಿನ ಹಲಸಿನ ಮರ ಕಡಿದದ್ದು. ಅವನೂ ಮಾಕಳಿಯ ಹಲಸಿನ ಬಗ್ಗೆ ಬರೆದ. ಬರ್ಲಿನ್ನಿನವನೊಬ್ಬ, ಹಲಸು ಎಂಬುದು ಯಾವ ಬಗೆಯ ಸಂದೇಶ ಎಂದು ವಿಚಾರಿಸಿದ.

ಮನೆಯಲ್ಲಿ ಚಿಕ್ಕಮುನಿಯಮ್ಮ ಮಗನನ್ನು ಗಮನಿಸುತ್ತಲೇ ಇದ್ದರು. ಅವನು ಕನ್ನಡಿ ಮುಂದೆ ಎರಡನೇ ಸಲ ತಲೆ ಬಾಚಿದಾಗ ರಾಗಿ ಮುದ್ದೆ ತಿರುವುವುದನ್ನು ನಿಲ್ಲಿಸಿದರು.

"ಏನ್ಲಾ ಇದು? ಇರೋ ನಾಕ್ ಕೂದ್ಲಿಗೆ ಎಷ್ಟ್ ಸಲ ಬಾಚ್ತೀಯ? ಯಾವೂರೋಳ್ಲಾ?"

"ಯಾರೂ ಇಲ್ಲ ಕಣವ್ವ."

"ಇಲ್ದೆ ಇಂಗೆ ನಗ್ತಾ ನಗ್ತಾ ಮುದ್ದೆ ತಿಂತೀಯ? ಅಂಗಾರೆ ಆ ಡಬ್ಬಕ್ಕೇ ತಾಳಿ ಕಟ್ಬುಡು, ನಾನೂ ಒಂದ್ಸಲ ಸೊಸೆ ಮೊಕ ನೋಡ್ಕಂತೀನಿ."

ದಿನ ಒಂದು ಎರಡಾಯಿತು, ಎರಡು ಆರಾಯಿತು. ನಾಳೆ ಸರಿಮಾಡುತ್ತೇನೆ ಎಂಬ ಆಣೆ ಪ್ರತಿ ಸಂಜೆ ಹೊಸದಾಗುತ್ತಿತ್ತು. ಹತ್ತನೆಯ ದಿನದ ಕಟ್ಟಳೆ ಅವನಿಗೆ ಮರೆತಿರಲಿಲ್ಲ. ಒಂಬತ್ತನೆಯ ದಿನ ಮಂಗಳವಾರ ಬರುತ್ತದೆ, ಅಂದು ಬೆಳಿಗ್ಗೆ ಖಂಡಿತ ಎರಡು ಎಂದು ಬರೆಯುವುದೆಂದು ಲೆಕ್ಕ ಹಾಕಿಯೇ ಇಟ್ಟಿದ್ದ. ಆದರೆ ಅವನು ಎಣಿಸುತ್ತಿದ್ದದ್ದು ಮೊದಲ ಪತ್ರ ಬಂದ ಸೋಮವಾರದಿಂದ. ವೇಣಿ ಎಣಿಸುತ್ತಿದ್ದದ್ದು ಗೌಡರು ಮೊದಲ ಸಲ ಕೆಂಪಾದ ಶುಕ್ರವಾರದಿಂದ. ಮೇಲಾಗಿ ಅವಳು ಮರ್ಯಾದಸ್ಥೆ. ಕೊನೆಯ ದಿನದವರೆಗೆ ಕಾಯುವವಳಲ್ಲ.

ಮುಂದಿನ ಸೋಮವಾರ ಅವನು ಬರುವಷ್ಟರಲ್ಲಿ ಲಿಸ್ಟ್‌ನಲ್ಲಿ ಪತ್ರವಿತ್ತು, ಶನಿವಾರ ಬರೆದದ್ದು. 'ಒಂಬತ್ತು ದಿನವಾಯಿತು. ನನ್ನ ವಿಧಾನ ನಿಧಾನದ ಯಂತ್ರಗಳಿಗೆ ಹೊಂದುವುದಿಲ್ಲ. ತಪ್ಪು ವಿನ್ಯಾಸದಲ್ಲೇ ಇದೆ. ಪೂರ್ತಿ ತೆಗೆದುಹಾಕಿದ್ದೇನೆ, ಈ ಶುಕ್ರವಾರದ ಹೊಸ ಆವೃತ್ತಿಯಲ್ಲಿ ಇದು ಇರುವುದಿಲ್ಲ. ಎಲ್ಲರ ಸಮಯ ಹಾಳುಮಾಡಿದ್ದಕ್ಕೆ ಕ್ಷಮಿಸಿ. ತಾಳ್ಮೆಯಿಂದ ಸಹಾಯ ಮಾಡಿದ ಪೀಣ್ಯದ ಆವಲಪ್ಪ ಅವರಿಗೆ ವಿಶೇಷ ಧನ್ಯವಾದ.'

ಕೆಳಗೆ ಧೂಳಿಲ್ಲ, ಮಾವಿಲ್ಲ, ಏನೂ ಇಲ್ಲ. ಪಟ್ಟಿಯಲ್ಲಿ ಐವತ್ತಕ್ಕೆ ಐವತ್ತೂ ಹಸಿರು.

ಆವಲಪ್ಪ ಎದ್ದು ಜನರೇಟರ್ ಶೆಡ್ಡಿಗೆ ಹೋಗಿ ಎಣ್ಣೆ ಡ್ರಮ್ಮಿನ ಮೇಲೆ ಕುಳಿತ. ಕೊಟ್ರಪ್ಪ ನೋಡಿದ.

"ಏನ್ರೀ ಸರ, ಮಾರಿ ಹಿಂಗ್ಯಾಕಾಗೇತಿ? ಗೌಡ್ರಿಗೇನರ ಆತೇನು?"

"ಗೌಡ್ರು ಚೆನ್ನಾಗೇ ಇದಾರೆ ಕಣಯ್ಯ. ನಾನೇ ಕೆಟ್ಟೆ." ಆವಲಪ್ಪ ಎಲ್ಲವನ್ನೂ ಹೇಳಿದ. ಮೊದಲ ಸಲ, ಕನ್ನಡದಲ್ಲಿ, ಒಬ್ಬ ಮನುಷ್ಯನಿಗೆ.

ಕೊಟ್ರಪ್ಪ ಬೀಡಿ ಆರಿಸಿದ. "ಅಂದ್ರ ಆ ಅಕ್ಕಾರು ಪರೀಕ್ಷಾ ಪಾಸಾಗೋರಿದ್ರು. ನೀವು ಅರ್ಧ ತಾಸಿಗೇ ಪೇಪರ್ ಕಸ್ಗೊಂಡ್ರಿ."

"ಹ್ಞೂಂ."

"ಆಮ್ಯಾಲ ಆ ಅಕ್ಕಾರೇ ನಿಮಗ ಕೈಮುಗದು ಹ್ವಾದ್ರು."

"ಹ್ಞೂಂ ಕಣೋ, ಎಷ್ಟ್ ಸಲ ಹೇಳ್ತೀಯ!"

"ಹೋಗ್ಲಿ ಬಿಡ್ರಿ. ಸುಮ್ನ ಟೈಮ್ ಸರಿ ಮಾಡಿ, ಕರೆಂಟಿಂದ ಹಿಂಗಾತು ಅಂತ ಬರೀರಿ. ಜನರೇಟರ್ ಮ್ಯಾಲ ಹಾಕ್ರಿ ಬೇಕಾದ್ರ. ನಾ ಸಾಕ್ಷಿ ಹೇಳ್ತೀನಿ. ಹೆಂಗೂ ನಮ್ ಜನರೇಟರ್ ಮ್ಯಾಲ ಎಲ್ಲಾರೂ ಹಾಕ್ತಾರ."

ಇಷ್ಟು ದೊಡ್ಡ ಮನಸ್ಸಿನ ಕೊಡುಗೆ ಆವಲಪ್ಪನಿಗೆ ಆವರೆಗೆ ಯಾರಿಂದಲೂ ಬಂದಿರಲಿಲ್ಲ. ಒಂದು ಗಳಿಗೆ ಅವನು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. ಕರೆಂಟು ಎಂದರೆ ಎಲ್ಲರೂ ನಂಬುತ್ತಾರೆ, ಅವನ ಮಾನ ಉಳಿಯುತ್ತದೆ, ಪತ್ರಗಳೂ ಉಳಿಯಬಹುದು. ಆದರೆ ವೇಣಿ? ಕರೆಂಟು ಸರಿಯಿದ್ದರೆ ತನ್ನ ಕೆಲಸ ಪಾಸಾಗುತ್ತಿತ್ತೋ ಏನೋ ಎಂದುಕೊಳ್ಳುತ್ತಾಳೆ. ಆ 'ಏನೋ' ಅವಳೊಳಗೆ ಉಳಿದುಬಿಡುತ್ತದೆ. ಮರ್ಯಾದಸ್ಥೆಯಾದ್ದರಿಂದ ವಾಪಸು ಹಾಕಲು ಹಿಂಜರಿಯುತ್ತಾಳೆ, ಶುಕ್ರವಾರ ಕಳೆದುಹೋಗುತ್ತದೆ. ತನ್ನ ವಿನ್ಯಾಸ ಮೊದಲ ದಿನದಿಂದಲೂ ಸರಿಯಿತ್ತು ಎಂದು ಅವಳಿಗೆ ಚೂರೂ ಅನುಮಾನವಿಲ್ಲದೆ ತಿಳಿಯಬೇಕಾದರೆ, ತಪ್ಪು ಯಾರದೆಂದು ಚೂರೂ ಅನುಮಾನವಿಲ್ಲದೆ ಹೇಳಲೇಬೇಕು.

"ಬೇಡ ಕೊಟ್ರಪ್ಪ. ನಿನ್ ಜನರೇಟರ್ ಪಾಪದ್ದು," ಎಂದು ಆವಲಪ್ಪ ಎದ್ದ.

ಲಿಸ್ಟ್‌ನಲ್ಲಿ ಪ್ರತಿ ಕೆಂಪಿಗೂ ಕಾರಣವನ್ನು ನಮೂದಿಸಬೇಕಿತ್ತು: ಕಂಪೈಲರ್, ಡಿಸ್ಕ್, ನೆಟ್‌ವರ್ಕ್, ವಿದ್ಯುತ್, ಹೀಗೆ. ಆವಲಪ್ಪ ಕಾರಣದ ಜಾಗದಲ್ಲಿ ತನ್ನ ಹೆಸರನ್ನು ಬರೆದ. ಕೆಳಗೆ ಆರು ವಾಕ್ಯ. ಪರೀಕ್ಷೆ ಫೇಲಾಗಲಿಲ್ಲ. ಗಡುವನ್ನು ಅರ್ಧ ಮಾಡಿ ಏರಿಸಲು ಮರೆತವನು ನಾನು. ಮರೆತದ್ದು ಮೊದಲ ಪತ್ರ ಬಂದ ದಿನವೇ ಗೊತ್ತಾಯಿತು. ಗೊತ್ತಾದ ಮೇಲೂ ಸುಮ್ಮನಿದ್ದೆ. ಯಾಕೆಂದರೆ ಹಸಿರಾದರೆ ವೇಣಿಯವರ ಪತ್ರಗಳು ನಿಂತುಹೋಗುತ್ತಿದ್ದವು. ಅವರ ವಿಧಾನ ಪೀಣ್ಯದಲ್ಲಿ ಮೊದಲ ದಿನದಿಂದಲೂ ಸರಿಯಾಗಿಯೇ ನಡೆಯುತ್ತಿದೆ, ಪೂರ್ತಿ ಲಾಗ್ ಲಗತ್ತಿಸಿದ್ದೇನೆ.

ಕಳುಹಿಸಿದ ಮೇಲೆ ಗೌಡರಿಗೆ ಒರಗಿಕೊಂಡು ನಿಂತ. ಅವರು ಬೆಚ್ಚಗಿದ್ದರು.

ಸಾವಿರದ ಎಂಟುನೂರು ಜನ ಇದನ್ನೂ ಓದಿದರು. ಮರುದಿನ ಬರ್ಲಿನ್ನಿನವನು, ಇಂಥ ಕಾರಣಕ್ಕೆ ಪಟ್ಟಿಯಲ್ಲಿ ಹೊಸ ಸಂಕೇತವೊಂದನ್ನು ಸೇರಿಸಬೇಕೇ ಎಂದು ಕೇಳಿದ. ಇನ್ನೊಬ್ಬ, ಇದು ಮರುಕಳಿಸುವ ಬಗೆಯ ದೋಷವೋ ಎಂದು ಕೇಳಿದ. ನರೇಶ್ ಓಡಿ ಬಂದ.

"ಏನ್ ಗುರು ಇದು! ನಮ್ ಕಸ್ಟಮರ್ಸ್ ಎಲ್ಲ ಓದ್ತಾರೆ ಈ ಲಿಸ್ಟ್‌ನ! ಏನ್ ಆವಲಪ್ಪನವ್ರೇ, ಪ್ರೈವೇಟಾಗ್ ಹೇಳೋಕಾಗ್ತಿರ್ಲಿಲ್ವಾ?"

"ಪ್ರೈವೇಟಾಗ್ ಬರೆಯೋ ಹಾಗಿಲ್ಲ ಸಾರ್. ರೂಲ್ಸು."

ನರೇಶ್ ಬೆನ್ನು ತಟ್ಟಲು ಕೈ ಎತ್ತಿ, ಸುಮ್ಮನೆ ಇಳಿಸಿ, ಹೋದ.

ಬುಧವಾರ ಲಿಸ್ಟ್‌ಗೆ ವೇಣಿಯಿಂದ ಒಂದೇ ಸಾಲು ಬಂತು: 'ವಾಪಸು ಸೇರಿಸಿದ್ದೇನೆ. ಗಡುವನ್ನು ಎರಡು ನಿಮಿಷಕ್ಕೆ ಏರಿಸಿ.' ಅದು ಆಗಲೇ ಏರಿತ್ತು. ಗೌಡರು ಎಪ್ಪತ್ತು ಸೆಕೆಂಡಿನಲ್ಲಿ ಪಾಸು ಮಾಡಿದರು. ಶುಕ್ರವಾರ ಹೊಸ ಆವೃತ್ತಿ ಹೊರಬಂತು. ಅದರ ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಮೇಲೆ ವೇಣಿಯ ಕೆಲಸ, ವೇಣಿಯ ಹೆಸರು. ಆವಲಪ್ಪ ಅದನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಎಲ್ಲಿ ಇಡಬೇಕೆಂದು ತಿಳಿಯದೆ, ಮೇಜಿನ ಡ್ರಾಯರಿನಲ್ಲಿ ಇಟ್ಟ.

ಆ ಶುಕ್ರವಾರ ಸಂಜೆಯೇ ಅವನ ಹೆಸರಿಗೆ ಮಾತ್ರ ಒಂದು ಪತ್ರ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ.

'ಆವಲಪ್ಪನವರೇ, ರೂಲ್ಸ್ ಮುರಿದು ನೇರವಾಗಿ ಬರೀತಿದೀನಿ. ಯಾಕಂದ್ರೆ ಅಷ್ಟು ಜನದ ಮುಂದೆ ಬೈಯೋಕಾಗಲ್ಲ, ಇಂಗ್ಲಿಷಲ್ಲಂತೂ ನನಗೆ ಬೈಯೋಕೇ ಬರಲ್ಲ. ಏಳು ತಿಂಗಳ ಕೆಲಸ ಕಣ್ರೀ ಅದು. ಶನಿವಾರ ಅದನ್ನ ಕಿತ್ತುಹಾಕಿ ಎದ್ದಾಗ, ಯಾರು ಹೋಗಿಬಿಟ್ರು ಅಂತ ನಮ್ಮಮ್ಮ ಕೇಳಿದ್ರು. ಉತ್ತರ ಜೇಬಲ್ಲಿಟ್ಕೊಂಡು ಎಷ್ಟು ದಿನ ನನ್ನ ಕೈಲಿ ಏನೇನೆಲ್ಲ ಮಾಡಿಸಿದ್ರಿ! ಪತ್ರ ಬೇಕಿದ್ರೆ ಪತ್ರ ಬರೀಬೇಕಿತ್ತು. ನಾನೇನು ಓದ್ತಿರ್ಲಿಲ್ವಾ? ಈಗ ತುಂಬಾ ಕೋಪ ಇದೆ. ಕೋಪ ಇಳಿದ ಮೇಲೆ ನಾನೇ ಬರೀತೀನಿ. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ. ನೀವು ಬರೀಬೇಡಿ. ಅಲ್ಲೀವರೆಗೂ ಏನೂ ಕೆಡಿಸ್ಬೇಡಿ. ವೇಣಿ.'

ಆವಲಪ್ಪ ಇದನ್ನು ಹದಿನೇಳು ಸಲ ಓದಿದ. ಹದಿನೇಳು ಸಲವೂ 'ನಾನೇನು ಓದ್ತಿರ್ಲಿಲ್ವಾ?' ಎಂಬಲ್ಲಿ ಬಂದು ನಿಂತ. ಮೂರು ವರ್ಷ. ಒಂದು ಪತ್ರ ಬರೆಯಬಹುದಿತ್ತು. ಧೂಳಿನ ಬಗ್ಗೆ, ಹಲಸಿನ ಬಗ್ಗೆ, ಏನೂ ಇಲ್ಲದ್ದರ ಬಗ್ಗೆ. ಅದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಜೂನ್ ಕಳೆಯಿತು, ಜುಲೈ ಕಳೆಯಿತು. ಆವಲಪ್ಪ ಬರೆಯಲಿಲ್ಲ. ಅವಳ ಮಾತಿನಲ್ಲಿ ಅವನು ಪಾಲಿಸಬಹುದಾದದ್ದು ಇನ್ನೊಂದಿತ್ತು, ಏನೂ ಕೆಡಿಸಬಾರದೆಂಬುದು; ಅದನ್ನು ವ್ರತದಂತೆ ಹಿಡಿದ. ಗೌಡರಿಗೆ ಧೂಳು ಒರೆಸಿದ, ಫ್ಯಾನು ಬದಲಿಸಿದ, ಕೊಟ್ರಪ್ಪನಿಂದ ಡೀಸೆಲ್ಲಿನ ವಚನ ತೆಗೆದುಕೊಂಡ. ಸಂಜೆ ಹಸಿರು ಕಾಣುವುದು, ಅಂಚೆ ತೆರೆಯುವುದು, ಮುಚ್ಚುವುದು.

ಆಗಸ್ಟಿನ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಗೌಡರು ಕೆಮ್ಮಿದಂತೆ ಸದ್ದು ಮಾಡಿದರು. ಜೋಡಿ ಡಿಸ್ಕ್‌ಗಳಲ್ಲಿ ಒಂದು ಸಾಯುತ್ತಿತ್ತು. ಎಲ್ಲವೂ ತೆವಳತೊಡಗಿತು. ವೇಣಿಯ ಪರೀಕ್ಷೆ ಮುನ್ನೂರ ಎಂಬತ್ತೆಂಟನೆಯದು, ಸಂಜೆ ಐದರ ಸುಮಾರಿಗೆ ಬರುತ್ತದೆ; ಈ ವೇಗದಲ್ಲಿ ಎರಡು ನಿಮಿಷವಲ್ಲ, ಐದು ನಿಮಿಷವೂ ಸಾಲದು. ಕೊಟ್ರಪ್ಪ ಬಾಗಿಲಲ್ಲಿ ನಿಂತು ನೋಡಿದ.

"ಬಿಡ್ರಿ ಸರ. ಈಗಂತೂ ನಿಮ್ಮ ತಪ್ಪಲ್ಲ, ಡಿಸ್ಕಿಂದು. ಕೆಂಪಾಗ್ಲಿ. ಅಕ್ಕಾರು ಬರದೇ ಬರೀತಾರ."

"ಬರೀತಾರೆ." ಆವಲಪ್ಪ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದ. ಎಸ್.ಪಿ. ರೋಡಿನ ಗುಜರಿ ಅಂಗಡಿಗಳಲ್ಲಿ ಹುಡುಕಿ ತಂದಿಟ್ಟಿದ್ದ ಹಳೆಯ ಡಿಸ್ಕೊಂದು ಅಲ್ಲೇ ಇತ್ತು. "ಆದ್ರೆ ಅದು ಕೆಲಸಕ್ಕೆ ಬಂದ ಪತ್ರ ಆಗುತ್ತೆ ಕಣಯ್ಯ. ಕೋಪ ಇಳಿದು ಬಂದಿದ್ದಲ್ಲ."

"ಪತ್ರ ಪತ್ರಾನ ಅಲ್ಲೇನ್ರಿ?"

"ಅಲ್ಲ," ಎಂದ ಆವಲಪ್ಪ. "ಸ್ವಲ್ಪ ಟಾರ್ಚ್ ಹಿಡ್ಕೋ ಬಾ."

ಇಬ್ಬರೂ ಊಟಕ್ಕೆ ಹೋಗಲಿಲ್ಲ. ಗೌಡರನ್ನು ನಿಲ್ಲಿಸದೆಯೇ ಡಿಸ್ಕ್ ಬದಲಿಸಿ, ಹೊಸದಕ್ಕೆ ಹಳೆಯದರಲ್ಲಿದ್ದದ್ದನ್ನೆಲ್ಲ ತುಂಬಿಸುವಷ್ಟರಲ್ಲಿ ಮೂರೂವರೆಯಾಯಿತು. ಪರೀಕ್ಷೆಗಳು ಒಂದೊಂದಾಗಿ ಹಾದವು. ಮುನ್ನೂರ ಎಂಬತ್ತೆಂಟು, ಎಪ್ಪತ್ತೊಂದು ಸೆಕೆಂಡು, ಪಾಸು. ಸಂಜೆ ಐದೂಮುಕ್ಕಾಲಿಗೆ ಪಟ್ಟಿಯ ನಲವತ್ತೊಂದನೆಯ ಸಾಲು ಹಸಿರಾಯಿತು. ಅಮೆರಿಕದಲ್ಲಿ, ಜರ್ಮನಿಯಲ್ಲಿ, ಸಿಂಗಸಂದ್ರದಲ್ಲಿ ಅದನ್ನು ಕಂಡವರು ಮುಂದಿನ ಸಾಲಿಗೆ ಕಣ್ಣು ಹಾಯಿಸಿರಬೇಕು. ಆವಲಪ್ಪ ಕೈಯ ಜಿಡ್ಡನ್ನು ಒರೆಸಿಕೊಂಡು, ಅಂಚೆ ತೆರೆದು, ಏನೂ ಇಲ್ಲದ್ದು ಕಂಡು, ಮುಚ್ಚಿದ.